ಕುಂಬಾರ ಓಣಿಯ ಮಾತಿನ ಜರಡಿ

ಓಣಿಗೆ ನೀರು ಬಿಡುವ ದಾವಲಸಾಬ ಎರಡೂ ಕೈಯಿಂದ ಚಾವಿ ತಿರುವಿ ವಾಲ್ವ್ ಮುಚ್ಚಿದ. ನೆಲದಡಿಯ ನೀರಿನ ಸದ್ದು ನಿಂತಿತು. ಬಾಟಲಿಯಲ್ಲಿ ಹಿಡಿದಿದ್ದ ನೀರನ್ನು ಮತ್ತೊಮ್ಮೆ ಮೂಗಿನ ಹತ್ತಿರ ತಂದ. ಗಟಾರದ ವಾಸನೆ. ಇಪ್ಪತ್ತು ನಿಮಿಷದಿಂದ ಓಣಿಯ ಕೊಡಗಳೆಲ್ಲ ಇದರಿಂದಲೇ ತುಂಬಿದ್ದವು.

ಮುಂಗೈಗೆ ಕಟ್ಟಿದ ಫೋನಿನ ತೆರೆಗೆ ಬಾಯಿಟ್ಟು ಕೂಗಿದ: "ಇವತ್ತಿನ ನೀರು ಯಾರೂ ಕುಡೀಬ್ಯಾಡ್ರಿ! ಪೈಪ್ ಒಡದು ಗಟಾರ ಕೂಡೇತಿ. ತುಂಬಿದ್ದನ್ನ ಚೆಲ್ಲಿಬಿಡ್ರಿ!"

ಓಣಿಯವರ ಸಂದೇಶಗಳನ್ನು ಸೋಸಿ ಬೇರೆ ಮಾಡುವ ಯಂತ್ರ, ಜರಡಿ, ಆ ಮಾತನ್ನು ಕ್ಷಣ ತೂಗಿ ನೋಡಿ 'ಕುಂಬಾರ ಓಣಿ ನೀರು' ಗುಂಪಿಗೆ ಬಿಟ್ಟಿತು. ಖಾಲಿ ತೆರೆಯ ನಟ್ಟನಡುವೆ ಅಕ್ಷರಗಳು ಚೊಕ್ಕಟವಾಗಿ ಮೂಡಿದವು. ಇನ್ನೂರ ಹನ್ನೆರಡು ಮನೆಗಳಲ್ಲಿ ನೋಡಿದವರು ಮೂವರು.

ಉಳಿದವರೆಲ್ಲ ಎಲ್ಲಿದ್ದಾರೆಂದು ಅವನಿಗೆ ಗೊತ್ತಿತ್ತು. ಪಕ್ಕದ 'ಹರಟೆಮನೆ' ಗುಂಪಿನ ಫೋಟೋದಲ್ಲಿ ಬಸಲಿಂಗವ್ವನ ಆಡಿನ ಮರಿ ಯಾರದೋ ಸ್ಕೂಟರ್ ಸೀಟಿನ ಮೇಲೆ ನಿಂತಿತ್ತು. ಅರವತ್ತು ಮಂದಿ ನಗುತ್ತಿದ್ದರು. ದಾವಲಸಾಬ ಅಲ್ಲಿಗೂ ನುಗ್ಗಿ ಅದನ್ನೇ ಕೂಗಿದ.

'ಇದು ನೀರಿನ ವಿಷಯ. ಸರಿಯಾದ ಜಾಗಕ್ಕೆ ಕಳಿಸಲಾಗಿದೆ. ಧನ್ಯವಾದ' ಎಂದಿತು ಜರಡಿ.

ಮೂರು ಸಲ ಕೂಗಿದ. ಮೂರು ಸಲವೂ ಧನ್ಯವಾದ. ಸೈಕಲ್ ಹತ್ತಿ, ಗಂಟಲು ಹರಿಯುವಂತೆ ಒದರುತ್ತ ಮನೆಮನೆಗೆ ಓಡಿದ. ಅಷ್ಟಾದರೂ ಸಂಜೆಯ ಹೊತ್ತಿಗೆ ಹನ್ನೊಂದು ಮಂದಿ ಆಸ್ಪತ್ರೆ ಸೇರಿದ್ದರು. ಬಸಲಿಂಗವ್ವನ ಕೈಗೆ ಸಲೈನ್ ಏರಿತ್ತು.

ಜರಡಿಯನ್ನು ಬೇಡಿ ತರಿಸಿದವನು ಅವನೇ. ಅದನ್ನು ಕಂಡುಹಿಡಿದ ಆದ್ಯಾ ಹೊಂಬಳ ಐದು ತಿಂಗಳ ಹಿಂದೆ, ೨೦೫೭ರ ಯುಗಾದಿ ಮುಗಿದ ಮೇಲೆ, ಓಣಿಗೆ ಬಂದಿದ್ದಳು. ಪದಗಳನ್ನಲ್ಲ, ಮಾತಿನ ಇಂಗಿತವನ್ನೇ ಅದು ಓದುತ್ತದೆ ಎಂದು ವಿವರಿಸಿದ್ದಳು. ಗುಂಪು ಕಟ್ಟಿದ ಉದ್ದೇಶಕ್ಕೆ ಸೇರಿದ್ದು ಒಂದು ಕಡೆ, ಸೇರದ್ದು ಇನ್ನೊಂದು ಕಡೆ. ಆಡಿನ ಮರಿ, ಹುಟ್ಟುಹಬ್ಬ, ಹೋಳಿಗೆಗಳ ನಡುವೆ ತನ್ನ ಮಾತಿಗೆ ಮರ್ಯಾದೆ ಉಳಿದಿಲ್ಲ ಎಂದು ಗೊಣಗುತ್ತಿದ್ದ ದಾವಲಸಾಬ ಅಂದು ಅವಳಿಗೆ ಕೈಯಾರೆ ಚಹಾ ಮಾಡಿಕೊಟ್ಟಿದ್ದ.

ನೀರು ಕೆಟ್ಟ ನಾಲ್ಕನೆಯ ದಿನ ಆದ್ಯಾ ಮತ್ತೆ ಬಂದಳು. ವಾಲ್ವಿನ ಕಟ್ಟೆಯ ಮೇಲೆ ಅವನ ಪಕ್ಕವೇ ಕೂತಳು.

"ಕಾಕಾ, ಒಂದು ತಿಳೀವಲ್ದು ನನಗ. ಜರಡಿ ಬರೂಕಿಂತ ಮೊದಲ ನಿಮ್ಮ ಸುದ್ದಿ ನಾಕು ನಿಮಿಷದಾಗ ಓಣಿ ತುಂಬ ಮುಟ್ಟತಿತ್ತು. ಅಷ್ಟು ಕಸದಾಗ ಅದು ಹೆಂಗ ಕಾಣತಿತ್ತು?"

ದಾವಲಸಾಬ ಇದನ್ನು ಎಂದೂ ಯೋಚಿಸಿರಲಿಲ್ಲ. ಚಾವಿಯ ತುದಿಯಿಂದ ಮಣ್ಣು ಕೆದಕುತ್ತ ಕೂತ.

"ನಮ್ಮಜ್ಜ ಡಂಗುರ ಬಡೀತಿದ್ದ, ಬಾಯಾರ. ಖಾಲಿ ಓಣ್ಯಾಗ ಒಂದಿನಾನೂ ಬಡೀಲಿಲ್ಲ. ಮಂದಿ ಹರಟಿ ಹೊಡಿಯೂ ಕಟ್ಟಿಗೆ ಹೋಗಿ ನಿಂದರತಿದ್ದ. ನಗು ಎದ್ದಿಂದ ಬಡೀತಿದ್ದ." ಹೇಳುತ್ತಿದ್ದಂತೆ ಅವನಿಗೇ ಏನೋ ಹೊಳೆದು ದನಿ ತಗ್ಗಿತು. "ನಾನೂ ಹಂಗ ಮಾಡತಿದ್ದೆ ನೋಡ್ರಿ. ಈ ಬಸಲಿಂಗವ್ವ ಮರೀ ಫೋಟೋ ಹಾಕಿದ ಕೂಡಲೆ, 'ಮರಿ ಚಂದೈತಿ, ಆರಕ್ಕ ನೀರು' ಅಂತಿದ್ದೆ."

"ಬರೇ ನೀರಿನ ಸಲುವಾಗಿ ನಿನ್ನ ಮಾರಿ ಯಾರು ನೋಡತಾರ, ಸಾಬಣ್ಣ?" ಮರಿಯನ್ನು ಕಂಕುಳಲ್ಲಿ ಹಿಡಿದು ಎದುರು ಮನೆಯ ಬಾಗಿಲಲ್ಲಿ ನಿಂತಿದ್ದ ಬಸಲಿಂಗವ್ವ ಅಂದಳು. ಮುಖ ಇನ್ನೂ ಬಾಡಿತ್ತು, ನಾಲಿಗೆ ಬಾಡಿರಲಿಲ್ಲ.

ಆದ್ಯಾ ನಕ್ಕಳು. ಚೀಲದಿಂದ ಅಂಗಿಯ ಗುಂಡಿಯಷ್ಟು ಗಾತ್ರದ ಒಂದು ಬಿಲ್ಲೆ ತೆಗೆದು ಅವನ ಅಂಗೈಯಲ್ಲಿಟ್ಟಳು.

"ಹೊಸಾದು. ಇದರಾಗ ಮಾತಾಡಿದ್ರ ನಿಮ್ಮ ದನಿ ನೇರ ಎಲ್ಲಾರ ಕಿವಿಗೆ ಬೀಳತೈತಿ. ಯಾರಿಗೂ ಬಂದ್ ಮಾಡಾಕ ಆಗೂದಿಲ್ಲ. ತಪ್ಪು ನಂದು, ಕಾಕಾ. ಮೊದಲ ನಿಮ್ಮ ಓಣಿಗೇ ಕೊಡತೀನಿ."

"ನಮ್ಮ ಯಜಮಾನನ ದನೀನೂ ಹಂಗ ನೇರ ಕಿವಿಗೇ ಬೀಳತಿತ್ತು," ಅಂದಳು ಬಸಲಿಂಗವ್ವ. "ಎಂಟು ದಿನದಾಗ ಕೇಳೂದು ಬಿಟ್ಟೆ."

ದಾವಲಸಾಬ ಬಿಲ್ಲೆಯನ್ನು ಹಿಂದೆಮುಂದೆ ಹೊರಳಿಸಿ ನೋಡಿದ. ಆ ದಿನ ಇದು ಕೈಯಲ್ಲಿದ್ದಿದ್ದರೆ ಹನ್ನೊಂದು ಮಂದಿಯೂ ಮನೆಯಲ್ಲೇ ಇರುತ್ತಿದ್ದರೇನೋ.

"ಇದರಾಗ ಆಕಿ ಮರಿ ಬರತೈತೇನ್ರಿ?"

"ಇಲ್ಲ. ನಿಮ್ಮದೊಂದ ದನಿ."

ಅವನು ಬಿಲ್ಲೆಯನ್ನು ಅವಳ ಅಂಗೈಗೆ ವಾಪಸಿಟ್ಟು ಬೆರಳು ಮಡಚಿದ.

"ಬ್ಯಾಡ್ರಿ. ಹೋಗೂಮುಂದ ಆ ಜರಡೀನೂ ಕಿತ್ಕೊಂಡು ಹೋಗ್ರಿ."