ಅರ್ತ್ ವೈರಿನ ಗಂಟು

ಮುಖ ನೋಡುವಂತಿರುವಾಗಲೇ ಮಗನನ್ನು ಮನೆಗೆ ತರಬೇಕು, ಬೇರೇನೂ ಬೇಡ ಎಂದು ಅತ್ತೆ ಕೇಳಿಕೊಂಡಿದ್ದರು. ಆ ಒಂದು ಮಾತಿಗಾಗಿ ವೈರಕ್ಕ ಮೈದುನನನ್ನು ಕೂರಿಸಿಕೊಂಡು ಮನೆಯ ಹಳೇ ಕಾರನ್ನು ಗುಡ್ಡದ ನೆತ್ತಿಗೆ ಹತ್ತಿಸಿದ್ದಳು. ವೈರಕ್ಕ ಎಂಬುದು ಗ್ಯಾರೇಜಿನವರು ಇಟ್ಟ ಹೆಸರು. ಕಾರುಗಳ ವೈರಿಂಗ್ ಸರಿಪಡಿಸುವುದು ಅವಳ ಕೆಲಸ. ಗುಹೆಗಳ ನಕ್ಷೆ ಬರೆಯುತ್ತಿದ್ದ ಗಂಡ ಹಿಂದಿನ ದಿನ ಆ ನೆತ್ತಿಯ ಗುಹೆಯೊಳಗೆ ಕಾಲು ಜಾರಿ ಬಿದ್ದವನು ಮತ್ತೆ ಏಳಲಿಲ್ಲ.

ಜೊತೆಗಾರರು ಅವನನ್ನು ಕಂಬಳಿಯಲ್ಲಿ ಸುತ್ತಿ ಕಾರಿನ ಹಿಂಭಾಗದಲ್ಲಿ ಮಲಗಿಸಿದರು. ಇಳಿಯುವ ದಾರಿಯ ಒಂದು ಬದಿಗೆ ಬಂಡೆ, ಇನ್ನೊಂದು ಬದಿಗೆ ಕಣ್ಣು ಕತ್ತಲೆ ಬರಿಸುವ ಕಣಿವೆ. ತಳದಲ್ಲಿ ಹಳ್ಳ ದಾರದಂತೆ ಕಾಣುತ್ತಿತ್ತು. ಮೋಡ ಕವಿಯುತ್ತಿತ್ತು. ಮನೆಗೆ ಹೋಗಲು ದಾಟಬೇಕಾದ ಆ ಹಳ್ಳ ಮಳೆ ಜೋರಾಗಿ ತುಂಬಿದರೆ ಎಷ್ಟು ದಿನ ಈಚೆ ದಡದಲ್ಲೇ ಕಾಯಬೇಕೋ ಹೇಳುವಂತಿರಲಿಲ್ಲ.

ಕಡಿದಾದ ತಿರುವಿನಲ್ಲಿ ಸ್ಪೀಡೋಮೀಟರ್ ಮುಳ್ಳು ಸೊನ್ನೆಗೆ ಬಿತ್ತು.

ಕಾರು ಮಾತ್ರ ಓಡುತ್ತಲೇ ಇತ್ತು. ವೇಗ ನೋಡಿ ತಾನೇ ಗೇರ್ ಬದಲಿಸುವ ಆಟೋಮ್ಯಾಟಿಕ್ ಗೇರ್‌ಬಾಕ್ಸ್, ವೇಗ ಎಷ್ಟೆಂದು ತಿಳಿಯದೆ ಮೇಲಿನ ಗೇರನ್ನೇ ಕಚ್ಚಿಕೊಂಡು ಕೂತಿತು. ಚಿಕ್ಕ ಗೇರಿಗೆ ಎಳೆದರೂ ಬರಲಿಲ್ಲ. ಇಡೀ ಭಾರ ಬ್ರೇಕಿನ ಮೇಲೆ ಬಿತ್ತು.

ಸುಟ್ಟ ವಾಸನೆ. ಪೆಡಲ್ ಮೆತ್ತಗಾಯಿತು. ವೈರಕ್ಕ ಹ್ಯಾಂಡ್‌ಬ್ರೇಕ್ ಎಳೆದು, ಕಾರನ್ನು ಬಂಡೆಗೆ ಉಜ್ಜಿಸಿ ನಿಲ್ಲಿಸಿದಳು. ಮೈದುನ ಹಾರಿ ಇಳಿದು ಚಕ್ರಗಳಿಗೆ ಕಲ್ಲು ಕೊಟ್ಟ.

“ಸ್ಪೀಡ್ ಸೆನ್ಸರ್ ಹೋಯ್ತಾ ಅತ್ತಿಗೆ?”

“ಹೋಗಿದ್ರೆ ಮುಗೀತು, ಇಲ್ಲಿ ಹೊಸದು ಸಿಗಲ್ಲ. ಮೊದ್ಲು ವೈರ್ ನೋಡ್ತೀನಿ.”

ಅವಳು ಕಾರಿನಡಿ ತೂರಿದಳು. ಕಾದ ಗೇರ್‌ಬಾಕ್ಸ್ ಮೊಣಕೈಗೆ ಚುರುಕ್ ಎಂದಿತು. ಸೆನ್ಸರಿನ ಸಾಕೆಟ್ ಬಿಡಿಸಿ, ಕರೆಂಟು ಅಳೆಯುವ ಮೀಟರಿನ ಕೆಂಪು ಕಡ್ಡಿಯನ್ನು ಕರೆಂಟಿನ ವೈರಿಗೂ ಕಪ್ಪು ಕಡ್ಡಿಯನ್ನು ಕಾರಿನ ಕಬ್ಬಿಣಕ್ಕೂ ಮುಟ್ಟಿಸಿದಳು. ಕರೆಂಟು ಇತ್ತು. ಕಪ್ಪು ಕಡ್ಡಿಯನ್ನು ಸಾಕೆಟ್ಟಿನ ಅರ್ತ್ ವೈರಿಗೆ ಮುಟ್ಟಿಸಿದಳು. ಏನೂ ಇಲ್ಲ. ಕರೆಂಟು ಬರುತ್ತಿತ್ತು, ವಾಪಸು ಹೋಗಲು ದಾರಿಯಿರಲಿಲ್ಲ.

ಅರ್ತ್ ವೈರನ್ನು ಬೆರಳಲ್ಲೇ ತಡವುತ್ತ ಹೋದಳು. ಕಾರಿನಡಿಯ ಕಬ್ಬಿಣದ ಪಟ್ಟಿಯೊಂದರ ಹಿಂದೆ ಟೇಪಿನ ದಪ್ಪ ಗಂಟು ಸಿಕ್ಕಿತು. ಅಷ್ಟು ಟೇಪು ಸುತ್ತುವವನು ಲೋಕದಲ್ಲಿ ಒಬ್ಬನೇ. ಗಂಡ ಕಳೆದ ತಿಂಗಳು ತಾನೇ ಕಾರಿನಡಿ ಮಲಗಿ, ತುಂಡಾದ ವೈರನ್ನು ಹೊಸೆದು ಕಟ್ಟಿ, ನಿನ್ನ ಕೈ ಹಿಡಿದ ಮೇಲೆ ಇಷ್ಟೂ ಬರದಿದ್ದರೆ ಹೇಗೆ ಎಂದು ಮುಖಕ್ಕೆಲ್ಲ ಮಸಿ ಮಾಡಿಕೊಂಡು ಎದ್ದಿದ್ದ. ಈಗ ಒಳಗಿನ ತಾಮ್ರ ಹಸಿರುಗಟ್ಟಿ ಬಿಟ್ಟುಕೊಂಡಿತ್ತು.

ಕಟರ್ ಹಿಡಿದ ಕೈ ಮೇಲೇಳಲಿಲ್ಲ. ಅದು ಅವನ ಕೈಯ ಗಂಟು. ಅವನು ಇನ್ನು ಏನನ್ನೂ ಕಟ್ಟುವುದಿಲ್ಲ. ಮಲಗಿದಲ್ಲೇ ವೈರಕ್ಕ ಬಿಕ್ಕಿ ಬಿಕ್ಕಿ ಅತ್ತಳು. ಎರಡಡಿ ಮೇಲೆ ಅವನೇ ಮಲಗಿದ್ದ.

“ಅತ್ತಿಗೆ, ಹನಿ ಶುರುವಾಯ್ತು,” ಎಂದ ಮೈದುನ. ಅವನ ದನಿಯೂ ಒಡೆದಿತ್ತು.

ಅವಳು ಗಂಟು ಕತ್ತರಿಸಿದಳು. ಹೊಸ ವೈರಿನ ತುಂಡು ಸೇರಿಸಿ, ಜೋಡಣೆಯ ಮೇಲೆ ತಾಮ್ರದ ಕೊಳವೆ ತೂರಿಸಿ, ಇಕ್ಕಳದಿಂದ ಅಮುಕಿ, ಸಾಕೆಟ್ಟನ್ನು ಮತ್ತೆ ಸೆನ್ಸರಿಗೆ ಕೂರಿಸಿದಳು. ಅಷ್ಟರಲ್ಲಿ ಬ್ರೇಕೂ ಆರಿತ್ತು. ಎಂಜಿನ್ ಚಾಲೂ ಮಾಡಿ, ಕಲ್ಲು ತೆಗೆಸಿದಳು. ಕಾರು ಮೆಲ್ಲಗೆ ಸರಿಯಿತು. ಮುಳ್ಳು ನಡುಗಿ ಮೇಲೆದ್ದಿತು. ಚಿಕ್ಕ ಗೇರು ಬಿದ್ದು, ಎಂಜಿನ್ ಗುರುಗುಟ್ಟುತ್ತ ಭಾರವನ್ನು ತಡೆದು ಹಿಡಿಯಿತು.

ಹಳ್ಳಕ್ಕೆ ಬಂದಾಗ ಕೆಂಪು ನೀರು ಚಕ್ರದ ಅರ್ಧಕ್ಕೇರಿತ್ತು. ವೈರಕ್ಕ ನಿಲ್ಲಲಿಲ್ಲ. ಕಾರು ಓಲಾಡಿತು, ಕಲ್ಲಿಗೆ ತಾಗಿತು, ಕೊನೆಗೂ ದಡ ಹತ್ತಿತು.

ಮನೆಯ ಮುಂದೆ ಬೀದಿಯವರೆಲ್ಲ ನೆರೆದಿದ್ದರು. ಬಾಡಿ ತಂದ್ರಾ ಎಂದು ಯಾರೋ ಕೇಳಿದರು. ವೈರಕ್ಕ ಅವರತ್ತ ನೋಡದೆ ಅತ್ತೆಯ ಬಳಿ ಹೋದಳು.

“ಅವರನ್ನ ಕರ್ಕೊಂಡು ಬಂದೆ ಅತ್ತೆ.”

ಅತ್ತೆ ಅವಳ ಮಸಿಗೈಗಳನ್ನು ಬಿಗಿಯಾಗಿ ಹಿಡಿದುಕೊಂಡರು. “ಮೆಲ್ಲಗೆ ಬಂದ್ರಾ? ದಾರೀಲಿ ಅವನಿಗೆ ಪೆಟ್ಟಾಗ್ಲಿಲ್ವಲ್ಲ?”

“ಇಲ್ಲ ಅತ್ತೆ. ಮೆಲ್ಲಗೇ ಬಂದ್ವಿ.”

ಅತ್ತೆ ಕಾರಿನ ಹಿಂಬಾಗಿಲಿಗೆ ಹೋಗಿ, ಕಂಬಳಿ ಸರಿಸಿ, ಮಗನ ಮುಖ ನೋಡಿದರು.