ಹಾಡಿಗೆ ಬಂದ ಎಡಗೈ

ಚಿಕ್ಕಮ್ಮನ ಹಾಡಿನೊಳಗೆ ಯಾರೋ ನುಗ್ಗಿದ್ದರು.

ಇನ್ಸ್‌ಪೆಕ್ಟರ್ ಆಗಿದ್ದ ಅಕ್ಕನ ಮಗಳು ಬಾಗಿಲಲ್ಲಿ ಬೂಟು ಬಿಚ್ಚುವ ಮೊದಲೇ ಚಿಕ್ಕಮ್ಮನ ದೂರು ಶುರುವಾಯಿತು. ಪಾರ್ಶ್ವವಾಯು ಬಡಿದ ಮೇಲೆ ಚಿಕ್ಕಮ್ಮನ ಎಡಗೈ ಏಳುತ್ತಿರಲಿಲ್ಲ. ಬಲಗೈಯೊಂದರಲ್ಲೇ ಡಿಜಿಟಲ್ ಪಿಯಾನೊ ನುಡಿಸಿ, ಹಾಡನ್ನು ಕಂಪ್ಯೂಟರಿಗೆ ತುಂಬಿಸಿದ್ದರು. ಇಂದು ತೆರೆದು ನೋಡಿದರೆ ಅದಕ್ಕೆ ಎಡಗೈಯೂ ಬಂದು ಕೂತಿತ್ತು, ಎಡಗೈ ನುಡಿಸಬೇಕಾದ ಸ್ವರಗಳೆಲ್ಲ ಸೇರಿದ್ದವು.

“ಯಾರೋ ನನ್ನನ್ನ ಅಣಕಿಸ್ತಿದಾರೆ. ಸಂಜೆ ಕೊಳ್ಳೋರು ಬರ್ತಾರೆ, ಪಿಯಾನೊ ಕೊಟ್ಬಿಡ್ತೀನಿ.”

ಇನ್ಸ್‌ಪೆಕ್ಟರ್ ಆ ಎಡಗೈಯನ್ನು ಹಿಡಿದುಕೊಂಡಳು. ತನ್ನನ್ನು ಎತ್ತಿ ಆಡಿಸಿದ ಕೈ ಅದು.

*

ಮೊದಲ ಅನುಮಾನ ಪಿಯಾನೊದಿಂದ ಕಂಪ್ಯೂಟರಿಗೆ ಕೇಬಲ್ ಜೋಡಿಸಿಕೊಟ್ಟ ಮೆಕ್ಯಾನಿಕ್ ಮೇಲೆ. ಠಾಣೆಯ ದನಿಯಲ್ಲೇ ಕರೆಸಿದಳು. ಅವನು ಪರದೆ ನೋಡಿ ತಲೆಯಾಡಿಸಿದ. ಈ ಕೇಬಲಿನಲ್ಲಿ ಸದ್ದು ಹೋಗುವುದೇ ಇಲ್ಲವಂತೆ. ಯಾವ ಕೀ ಒತ್ತಿದಿರಿ, ಎಷ್ಟು ಜೋರಾಗಿ, ಯಾವಾಗ ಬಿಟ್ಟಿರಿ ಎಂಬ ಚಾಡಿ ಮಾತ್ರ ಹೋಗುತ್ತದಂತೆ. ಪಿಯಾನೊದ ಬಾಯಿ ಮುಚ್ಚಿಸಿದರೂ ಚಾಡಿ ನಿಲ್ಲುವುದಿಲ್ಲ.

“ನಾನು ಮೌಸಲ್ಲಿ ತುಂಬಿಸಿದ್ರೆ ಎಲ್ಲಾ ಒಂದೇ ಸಮ ಇರ್ತಿತ್ತು ಮೇಡಂ. ಇದು ತಡವರಿಸಿದೆ. ಯಾರೋ ಕೂತು ನುಡಿಸಿದಾರೆ.”

“ಕೆಳಗಿನ ಈ ಗೆರೆ?”

“ಪಿಯಾನೊ ಪೆಡಲ್. ಕಾಲಲ್ಲಿ ಒತ್ತೋದು. ಹಾಡಿಗೂ ಅದಕ್ಕೂ ಸಂಬಂಧಾನೇ ಇಲ್ಲ. ಒತ್ತು, ಬಿಡು, ಒತ್ತು, ಬಿಡು, ಕೊನೇವರೆಗೂ ಅಷ್ಟೆ.”

ಪಕ್ಕದ ಕೋಣೆಯಿಂದ ಚಿಕ್ಕಪ್ಪ ಕಾಲಲ್ಲಿ ತುಳಿಯುತ್ತಿದ್ದ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು. ಇನ್ಸ್‌ಪೆಕ್ಟರ್ ಕಿವಿಗೊಟ್ಟಳು. ಮುಖದಲ್ಲಿ ನಗು ಮೂಡಿತು.

*

“ಚಿಕ್ಕಪ್ಪ, ಸಿಕ್ಕಿಬಿದ್ರಿ.”

ಕೈ ಕೆಲಸಕ್ಕಿಳಿದರೆ ಸುಮ್ಮನಿರಲಾರದ ಕಾಲು ಆ ಮನೆಯಲ್ಲಿದ್ದದ್ದು ಒಂದೇ, ದರ್ಜಿಯ ಕಾಲು. ಚಿಕ್ಕಮ್ಮ ಮಧ್ಯಾಹ್ನ ಮಲಗಿದಾಗ ಚಿಕ್ಕಪ್ಪ ಹೆಡ್‌ಫೋನ್ ಹಾಕಿಕೊಂಡು, ಆಕೆಯ ಬಲಗೈಗೆ ಜೊತೆ ನುಡಿಸುವುದನ್ನು ಕಲಿಯುತ್ತಿದ್ದರು. ಹಾಡು ಕೇಳಿಸುವ ಗುಂಡಿಯೆಂದು ಒತ್ತಿದ ಕೆಂಪು ರೆಕಾರ್ಡ್ ಗುಂಡಿ, ಹಾಡು ಕೇಳಿಸುತ್ತಲೇ ಅವರು ನುಡಿಸಿದ್ದನ್ನೂ ಅದರೊಳಗೆ ಸೇರಿಸಿತ್ತು. ಸದ್ದು ಹೊರಬರದಿದ್ದರೆ ಗುಟ್ಟು ಉಳಿಯುತ್ತದೆಂದು ನಂಬಿದ್ದರು, ಪಾಪ.

ಚಿಕ್ಕಪ್ಪ ಚಿಕ್ಕಮ್ಮನ ಮುಂದೆ ಬಂದು ನಿಂತು, ಕೊರಳಿನ ಅಳತೆ ಟೇಪು ತಿರುವುತ್ತ ನೆಲ ನೋಡಿದರು.

“ಚೆನ್ನಾಗಿ ಬಂದ್ಮೇಲೆ ಹೇಳೋಣ ಅಂತಿದ್ದೆ. ನಿನ್ನ ಎಡಗೈ ನಾನೇ ಆಗೋಣ ಅಂತ.”

ಚಿಕ್ಕಮ್ಮ ಕಣ್ಣೊರೆಸಿಕೊಂಡು, ಕೊಳ್ಳುವವರಿಗೆ ಫೋನ್ ಮಾಡಿ ಬರುವುದು ಬೇಡವೆಂದರು. ಆಮೇಲೆ ಪಿಯಾನೊದ ಬೆಂಚಿನ ಬಲತುದಿಗೆ ಸರಿದು ಎಡಕ್ಕೆ ಜಾಗ ಬಿಟ್ಟರು.

“ಬನ್ನಿ, ಕೂತ್ಕೊಳ್ಳಿ. ಕಾಲು ಮಾತ್ರ ಮಡಚ್ಕೊಂಡು ಕೂತ್ಕೊಳ್ಳಿ.”