ಮೂರನೆಯ ಜಾಮೀನು

ಸ್ಟಾಫ್ ರೂಮಿನಲ್ಲಿ ನಫೂನಾ, ಖೇಂಬಾನ ಪೆನ್ನು ಹಿಡಿದು ನಗುತ್ತಿದ್ದಳು. ಅಷ್ಟಕ್ಕೇ ಮಕೋಖನ ಬಾಯಲ್ಲಿದ್ದ ಚಹಾ ಕಹಿಯಾಯಿತು.

ಕಿಟಾಲೆ ಪಟ್ಟಣದ ಆ ಶಾಲೆಯಲ್ಲಿ ಇತಿಹಾಸದ ಮೇಷ್ಟ್ರು ಮಕೋಖ, ವಿಜ್ಞಾನದ ನಫೂನಾ ಸಂಜೆ ಜೊತೆಯಾಗಿ ಮನೆಗೆ ನಡೆಯುವುದು ಎಲ್ಲರಿಗೂ ಗೊತ್ತಿತ್ತು. ಗಣಿತದ ಖೇಂಬಾ ಹಿಂದೊಮ್ಮೆ ಅವಳನ್ನು ಮದುವೆಗೆ ಕೇಳಿ, ಬೇಡ ಅನ್ನಿಸಿಕೊಂಡದ್ದೂ ಗೊತ್ತಿತ್ತು. ಈಗ ಅದೇ ಖೇಂಬಾ ಅವಳ ಪಕ್ಕಕ್ಕೇ ಕುರ್ಚಿ ಎಳೆದುಕೊಂಡಿದ್ದ.

"ಏನ್ ಮಕೋಖ ಮೇಷ್ಟ್ರೇ, ಮಂದಾಜಿ ತಿಂತೀರೋ, ನಮ್ಮನ್ನೇ ತಿಂತೀರೋ?" ಎಂದ ಖೇಂಬಾ.

ಮಕೋಖ ಎಣ್ಣೆಯಲ್ಲಿ ಕರಿದ ಆ ಮಂದಾಜಿ ಬನ್ನನ್ನು ತಟ್ಟೆಗೆ ಎಸೆದು ಎದ್ದುಹೋದ.

ಸಂಜೆ ದಾರಿಯಲ್ಲಿ ನಫೂನಾಳೇ ಹೇಳಿದಳು. "ಮನೆ ಸಾಲಕ್ಕೆ ಬ್ಯಾಂಕಿನವರು ಆಗಲ್ಲ ಅಂದ್ರಲ್ಲ, ನಮ್ಮ ಟೀಚರ್‌ಗಳ ಸಹಕಾರ ಸಂಘದಲ್ಲಿ ಕೇಳಿದೀನಿ. ಮೂರು ಜನ ಸದಸ್ಯರು ಜಾಮೀನು ನಿಲ್ಲಬೇಕು. ಮೂರನೆಯವನು ಖೇಂಬಾ."

"ನಾನೇನು ಸತ್ತಿದ್ನಾ?"

"ಬಿಡ್ತು ಅನ್ನು!"

"ನಾನೂ ಸದಸ್ಯನೇ. ನನ್ನ ಉಳಿತಾಯಾನೂ ಅಲ್ಲೇ ಇದೆ. ಆದ್ರೆ ನಿನಗೆ ಅವನೇ ಬೇಕು. ಆ ಮನೆ ಗೋಡೆ ನೋಡಿದಾಗಲೆಲ್ಲ ನನಗೆ ಅವನ ಮುಖ ಕಾಣ್ತಿರಬೇಕು, ಅಲ್ವಾ?"

"ಗೋಡೆನೇ ಇನ್ನೂ ಎದ್ದಿಲ್ಲ, ಆಗಲೇ ಮುಖ ಅಂಟಿಸ್ತಿದೀಯ."

ಅವನು ನಗಲಿಲ್ಲ. ಮರುದಿನದಿಂದ ಒಬ್ಬನೇ ನಡೆದ. ರಸ್ತೆಯಲ್ಲಿ ಯಾವ ಕಾರು ಹಾದರೂ ಅದು ಖೇಂಬಾನದೇನೋ, ಒಳಗೆ ಅವಳಿದ್ದಾಳೇನೋ ಎಂದು ಕಣ್ಣು ಹಾಯಿಸುತ್ತಿದ್ದ. ತನ್ನ ಮೇಲೇ ನಾಚಿಕೆಯಾಗುತ್ತಿತ್ತು. ಆದರೂ ನೋಡುತ್ತಿದ್ದ.

ಶನಿವಾರ ಹೊಟ್ಟೆಕಿಚ್ಚು ತಡೆಯಲಾಗದೆ ಅವಳ ಸೈಟಿಗೇ ಹೋದ. ಅನುಮಾನ ನಿಜವಾಗಿತ್ತು. ಅಳತೆಯ ಟೇಪಿನ ಒಂದು ತುದಿ ಅವಳ ಕೈಯಲ್ಲಿ, ಇನ್ನೊಂದು ಖೇಂಬಾನ ಕೈಯಲ್ಲಿ.

"ಬಾ ಮಾರಾಯ, ಬಿಸಿಲಲ್ಲಿ ನಿಂತು ಸಾಕಾಯ್ತು," ಎಂದು ಖೇಂಬಾ ಟೇಪನ್ನು ಅವನ ಕೈಗೆ ತುರುಕಿದ. "ನಾನು ಮದುವೆಯಾಗೋ ಹುಡುಗಿ ಪೇಟೇಲಿ ಕಾಯ್ತಿದಾಳೆ. ನಮಗೂ ಮನೆ ಆಗಬೇಕಲ್ಲ! ನಫೂನಾ ನನಗೆ ಜಾಮೀನು, ನಾನು ಅವಳಿಗೆ. ನೀನು ಹೇಳಿರಲಿಲ್ವಾ, ನಫೂನಾ?"

"ಇವನು ಕೇಳಿಸ್ಕೊಂಡ್ರೆ ತಾನೆ!"

ಖೇಂಬಾನ ಕಾರು ಹೋದ ಮೇಲೂ ಮಕೋಖ ತಲೆ ಎತ್ತಲಿಲ್ಲ. "ಆದ್ರೂ... ನನ್ನನ್ನ ಯಾಕೆ ಕೇಳಲಿಲ್ಲ?"

ನಫೂನಾಳ ದನಿ ತಗ್ಗಿತು. "ಜಾಮೀನು ನಿಂತವನ ದುಡ್ಡು ಸಾಲ ತೀರೋವರೆಗೂ ಸಿಕ್ಕಿಹಾಕ್ಕೊಳ್ಳುತ್ತೆ. ನಾಳೆ ನಿನಗೆ ನಾನು ಬೇಡ ಅನ್ನಿಸಿದ್ರೆ? ದುಡ್ಡಿಗೋಸ್ಕರ ನನ್ನ ಜೊತೆ ಉಳೀಬಾರದು ನೀನು. ಇದ್ದರೆ ಮನಸ್ಸಿಂದ ಇರಬೇಕು."

ಅವನು ಟೇಪನ್ನು ಕೆಳಗಿಟ್ಟ. ಇಷ್ಟು ದಿನ ತಾನು ಕಾರುಗಳನ್ನು ನೋಡುತ್ತಿದ್ದಾಗ, ಇವಳು ತನ್ನನ್ನು ಕಳೆದುಕೊಳ್ಳುವ ಭಯದಲ್ಲಿದ್ದಳು.

"ಮನಸ್ಸು ಯಾವತ್ತೋ ಸಿಕ್ಕಿಹಾಕ್ಕೊಂಡಿದೆ, ಹುಡುಗಿ. ಬಿಡಿಸ್ಕೊಳ್ಳೋ ಆಸೆ ಇಲ್ಲ."

"ಹಾಗಿದ್ರೆ ಜಾಮೀನು ಬೇಡ. ನನ್ನ ಜೊತೆ ಸಾಲ ತೀರಿಸೋನಾಗು."

"ಇದು ಮದುವೆ ಮಾತಾ?"

"ಇತಿಹಾಸದ ಮೇಷ್ಟ್ರಿಗೆ ಎಲ್ಲಾ ತಡವಾಗೇ ತಿಳಿಯೋದು."

"ಆಯ್ತು. ಆದ್ರೆ ಖೇಂಬಾನ ಮದುವೇಲಿ ನೀನು ನನ್ನ ಪಕ್ಕಾನೇ ಕೂರಬೇಕು."

"ಹೊಟ್ಟೆಕಿಚ್ಚಿನವನೇ," ಎನ್ನುತ್ತ ಅವಳು ಅವನ ಎದೆಗೆ ಹಣೆ ಒತ್ತಿದಳು. ಪಕ್ಕದ ಹೊಲದಲ್ಲಿ ಜೋಳ ಮುರಿಯುತ್ತಿದ್ದ ಹೆಂಗಸರು ಕೆಲಸ ನಿಲ್ಲಿಸಿ ಕೇಕೆ ಹಾಕಿದರು. ನಫೂನಾ ಹಿಂದೆ ಸರಿಯಲು ನೋಡಿದಳು. ಅವನು ಬಿಡಲಿಲ್ಲ.